ಬಾಣಂತಿ ಸನ್ನಿಯಿಂದ ತಾಯಿ-ಮಗುವಿನ ವಾರ್ಡಿನವರೆಗೆ

೧

ಕನ್ನಡಿಗರ ಮನೆಮಾತಿನಲ್ಲಿ 'ಬಾಣಂತಿ ಸನ್ನಿ' ಎಂಬ ಮಾತು ಬಹುಕಾಲದಿಂದ ಬಳಕೆಯಲ್ಲಿದೆ. ಹೆರಿಗೆಯಾದ ಕೆಲವೇ ದಿನಗಳಲ್ಲಿ ಹೆಂಗಸು ನಿದ್ದೆಗೆಟ್ಟು, ತಲೆಬುಡವಿಲ್ಲದ ಮಾತನಾಡುತ್ತ, ಹೆತ್ತ ಕೂಸನ್ನೇ ತನ್ನದಲ್ಲವೆನ್ನತೊಡಗಿದರೆ ಮನೆಯ ಹಿರಿಯರು ಈ ಹೆಸರನ್ನು ಮೆಲ್ಲನೆ ಉಚ್ಚರಿಸುತ್ತಿದ್ದರು. ಹೆರಿಗೆಯ ನಂಜಿನಿಂದ ಬರುವ ಜ್ವರದ ಪ್ರಲಾಪಕ್ಕೂ, ಜ್ವರವೇ ಇಲ್ಲದ ಚಿತ್ತವಿಕಾರಕ್ಕೂ ಈ ಒಂದೇ ಹೆಸರು ಸಲ್ಲುತ್ತಿತ್ತು. ಇಂಥ ಮಾತುಗಳು ಜನರ ಅನುಭವದ ದಾಖಲೆಗಳಾಗಿರುವುದರಿಂದ ಅವುಗಳನ್ನು ತುಸು ನಿಧಾನವಾಗಿ ಪರಿಶೀಲಿಸುವುದು ಉಚಿತ. ಈ ಮಾತಿನಲ್ಲಿ ಬಾಣಂತಿ ಇದ್ದಾಳೆ, ಸನ್ನಿಯೂ ಇದೆ. ಆದರೆ ಕೂಸು ಇಲ್ಲ. ಅಂತೆಯೇ, ಕೂಗಾಡದೆ, ಯಾರಿಗೂ ತೊಂದರೆ ಕೊಡದೆ, ಬಾಣಂತಿ ಕೋಣೆಯ ಮೂಲೆಯಲ್ಲಿ ಮಂಕಾಗಿ ಕುಳಿತು ಕಣ್ಣೀರು ಸುರಿಸುವ ಹೆಣ್ಣು ಈ ಹೆಸರಿನ ವ್ಯಾಪ್ತಿಗೆ ಬರುವುದಿಲ್ಲ.

ವಿಸ್ಮಯದ ಸಂಗತಿಯೆಂದರೆ, ವೈದ್ಯಶಾಸ್ತ್ರದ ಚರಿತ್ರೆಯಲ್ಲಿಯೂ ಇವೇ ಎರಡು ಅಭಾವಗಳು ಬಹುಕಾಲ ಕಂಡುಬರುತ್ತವೆ. ತಾಯಿಯ ಮನಸ್ಸನ್ನು ನೋಡಿದ ವೈದ್ಯರು ಕೂಸನ್ನು ನೋಡಲಿಲ್ಲ. ಕೂಸಿನ ಮನಸ್ಸನ್ನು ನೋಡಿದವರು ತಾಯಿಯ ಅಳಲನ್ನು ವಿಚಾರಿಸಲಿಲ್ಲ. ಒಂದೇ ತೊಟ್ಟಿಲ ಎರಡು ಬದಿಗಳ ಲೆಕ್ಕವನ್ನು ಎರಡು ಬೇರೆ ಪುಸ್ತಕಗಳಲ್ಲಿ ಬರೆದಿಟ್ಟಂತೆ ಈ ಎರಡು ವಿದ್ಯೆಗಳೂ ನೂರಾರು ವರ್ಷ ಪರಸ್ಪರ ಪರಿಚಯವಿಲ್ಲದೆ ಬೆಳೆದುವು. ಅವು ಕೂಡಿದ ಬಗೆಯನ್ನೂ, ಕೂಡಲು ಅಷ್ಟು ಕಾಲ ಹಿಡಿದುದರಿಂದ ಆದ ನಷ್ಟವನ್ನೂ ಸಂಗ್ರಹವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ.

ಮೊದಲು ವಿಷಯದ ವಿಭಾಗವನ್ನು ತಿಳಿದುಕೊಳ್ಳಬೇಕು. ಹೆರಿಗೆಯ ಅನಂತರದ ಮನೋವ್ಯಥೆಯನ್ನು ಇಂದಿನ ವೈದ್ಯರು ಮೂರು ಬಗೆಯಾಗಿ ಎಣಿಸುತ್ತಾರೆ. ಮೊದಲ ವಾರದಲ್ಲಿ ಅನೇಕ ಬಾಣಂತಿಯರಿಗೆ ಬಂದು ತಾನಾಗಿಯೇ ಹೋಗುವ ಅಳು ಮೊದಲನೆಯದು, ಅದು ರೋಗವಲ್ಲ. ವಾರಗಳ, ತಿಂಗಳುಗಳ ಕಾಲ ನಿಲ್ಲುವ ಖಿನ್ನತೆ ಎರಡನೆಯದು. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ, ಸಾಮಾನ್ಯವಾಗಿ ಮೊದಲ ಎರಡು ವಾರಗಳಲ್ಲಿಯೇ, ಹಠಾತ್ತಾಗಿ ತಲೆದೋರುವ ಉನ್ಮಾದ ಮೂರನೆಯದು. ನಮ್ಮವರ 'ಸನ್ನಿ' ಬಹುಮಟ್ಟಿಗೆ ಈ ಮೂರನೆಯದು. ಎರಡನೆಯದು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ವ್ಯಾಪಕವಾದರೂ ಶಾಸ್ತ್ರದ ಕಣ್ಣಿಗೆ ಬಿದ್ದುದು ಬಹಳ ತಡವಾಗಿ.

ಇನ್ನು ಕೂಸಿನ ಕಡೆಗೆ ನೋಡಿದರೆ, ಅದು ಹುಟ್ಟಿದ ಸುಮಾರು ಆರನೆಯ ವಾರದಲ್ಲಿ ಎದುರಿನ ಮುಖವನ್ನು ಕಂಡು ಮೊದಲ ಬಾರಿಗೆ ನಗುತ್ತದೆ. ನಿದ್ದೆಯಲ್ಲಿ ಬರುವ ನಗೆ ಬೇರೆ, ಇದು ಬೇರೆ. ಇದು ಸಮಾಜದೊಡನೆ ಅದರ ಮೊದಲ ವ್ಯವಹಾರ. ತಾಯಿಯ ಖಿನ್ನತೆ ಬೇರೂರುವುದೂ ಅನೇಕ ವೇಳೆ ಇದೇ ವಾರಗಳಲ್ಲಿ. ಕೂಸು ನಗಲು ಕಲಿಯುವ ಸಮಯಕ್ಕೆ ಸರಿಯಾಗಿ ನಗೆಯನ್ನು ಹಿಂದಿರುಗಿಸಬೇಕಾದ ಮುಖ ಬಾಡಿರುತ್ತದೆ. ಈ ಪ್ರಶ್ನೆಯ ಮರ್ಮವೆಲ್ಲ ಇಲ್ಲಿಯೇ ಇದೆ.

೨

ತಾಯಿಯ ಮನಸ್ಸಿಗೂ ಕೂಸಿನ ಪೋಷಣೆಗೂ ಸಂಬಂಧವುಂಟೆಂಬ ಮಾತು ನಮ್ಮ ಪ್ರಾಚೀನ ವೈದ್ಯರಿಗೆ ತಿಳಿಯದುದಲ್ಲ. ಸುಶ್ರುತಸಂಹಿತೆಯ ಶಾರೀರಸ್ಥಾನದ ಹತ್ತನೆಯ ಅಧ್ಯಾಯದಲ್ಲಿ ಎದೆಹಾಲು ಬತ್ತುವುದಕ್ಕೆ ಕ್ರೋಧ, ಶೋಕ, ವಾತ್ಸಲ್ಯದ ಅಭಾವ ಮೊದಲಾದುವನ್ನು ಕಾರಣಗಳೆಂದು ಹೇಳಿದೆ. ಚಿಕಿತ್ಸೆಯನ್ನು ವಿಧಿಸುವಾಗಲೂ ಆಹಾರಾದಿಗಳನ್ನು ಎಣಿಸುವುದಕ್ಕೆ ಮುನ್ನ ಆಕೆಯಲ್ಲಿ ಸೌಮನಸ್ಯವನ್ನು ಉಂಟುಮಾಡಬೇಕೆಂದಿದೆ. ಶೋಕವನ್ನು ದೋಷವೆಂದು ಹಳಿಯದೆ ಕಾರಣವೆಂದು ಪರಿಗಣಿಸಿ, ಔಷಧಕ್ಕೆ ಮೊದಲು ಮನಸ್ಸಿನ ಸಮಾಧಾನವನ್ನಿಟ್ಟಿರುವುದು ಗಮನಾರ್ಹ. ಕಾಶ್ಯಪಸಂಹಿತೆಯು ಸೂತಿಕೆಯ ಉಪಚಾರಕ್ಕೆ ಒಂದು ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟು, ದೇಶಾಚಾರಗಳಿಗೆ ತಕ್ಕಂತೆ ಉಪಚಾರವೂ ಬೇರೆಯಾಗಬೇಕೆಂಬುದನ್ನು ಒಪ್ಪುತ್ತದೆ.

ಆದರೂ ಇದನ್ನು ಉತ್ಪ್ರೇಕ್ಷಿಸಿ, ಇಂದಿನವರು ಕಂಡದ್ದನ್ನೆಲ್ಲ ಅಂದಿನವರೇ ಕಂಡಿದ್ದರೆಂದು ಹೇಳುವುದು ಚರಿತ್ರೆಗೆ ಮಾಡುವ ಅಪಚಾರ. ಸುಶ್ರುತಾದಿಗಳ ದೃಷ್ಟಿಯಲ್ಲಿ ತಾಯಿಯ ಮನಸ್ಸಿಗೂ ಕೂಸಿಗೂ ನಡುವಣ ಸೇತು ಹಾಲು. ಮನಸ್ಸು ಕೆಟ್ಟರೆ ಹಾಲು ಕೆಡುತ್ತದೆ, ಹಾಲು ಕೆಟ್ಟರೆ ಕೂಸು ಸೊರಗುತ್ತದೆ ಎಂಬುದು ಅಲ್ಲಿಯ ತರ್ಕ. ಮುಖಭಾವ, ದನಿ, ನೋಟಗಳೇ ಕೂಸಿಗೆ ಒಂದು ಬಗೆಯ ಆಹಾರವೆಂಬ ತಿಳಿವಳಿಕೆ ತೀರ ಈಚಿನದು. ಹಾಲಿನ ಸಿದ್ಧಾಂತವು ನಮ್ಮ ದೇಶಕ್ಕೆ ಮಾತ್ರ ಸೀಮಿತವೂ ಅಲ್ಲ. ದಾರಿತಪ್ಪಿದ ಹಾಲು ತಲೆಗೇರಿ ಬಾಣಂತಿಗೆ ಹುಚ್ಚು ಹಿಡಿಯುತ್ತದೆಂಬ ನಂಬಿಕೆ ಯೂರೋಪಿನಲ್ಲಿಯೂ ಹದಿನೆಂಟನೆಯ ಶತಮಾನದವರೆಗೆ ಪ್ರಚಾರದಲ್ಲಿತ್ತು.

೩

ಬಾಣಂತಿಯ ಚಿತ್ತವಿಕಾರವನ್ನು ಎಣಿಸಿ ಲೆಕ್ಕಕ್ಕೆ ತಂದ ಕೀರ್ತಿ ಪ್ಯಾರಿಸ್ ನಗರದ ವೈದ್ಯರಿಗೆ ಸಲ್ಲಬೇಕು. ಅಲ್ಲಿಯ ಸಾಲ್ಪೆತ್ರಿಯೇರ್ ಆಸ್ಪತ್ರೆಯಲ್ಲಿ ೧೮೧೧ರಿಂದ ೧೮೧೪ರವರೆಗಿನ ನಾಲ್ಕು ವರ್ಷಗಳಲ್ಲಿ ದಾಖಲಾದ ೧೧೧೯ ಸ್ತ್ರೀಯರಲ್ಲಿ ೯೨ ಮಂದಿ ಹೆರಿಗೆಯ ಅನಂತರವೋ ಹಾಲೂಡುವ ಕಾಲದಲ್ಲಿಯೋ ಚಿತ್ತಸ್ವಾಸ್ಥ್ಯವನ್ನು ಕಳೆದುಕೊಂಡವರೆಂದು ಎಸ್ಕಿರೋಲ್ ಎಂಬ ವೈದ್ಯನು ತೋರಿಸಿದನು. ಲಂಡನ್ನಿನಲ್ಲಿ ರಾಬರ್ಟ್ ಗೂಚ್ ೧೮೨೦ರಲ್ಲಿ ಇದೇ ವಿಷಯವನ್ನು ಕುರಿತು ಪ್ರಬಂಧವನ್ನು ಪ್ರಕಟಿಸಿ, ಇಂಥ ರೋಗಿಗಳ ರಕ್ತ ತೆಗೆಯುವ ಅಂದಿನ ಪದ್ಧತಿಯನ್ನು ವಿರೋಧಿಸಿದನು.

ಎಸ್ಕಿರೋಲನ ಪರಂಪರೆಯಲ್ಲಿ ಬಂದ ಲೂಯಿ ವಿಕ್ತೋರ್ ಮಾರ್ಸೆ ೧೮೫೮ರಲ್ಲಿ ಪ್ರಕಟಿಸಿದ ಗ್ರಂಥವು ಈ ಶಾಖೆಯ ಮೂಲಸ್ತಂಭವೆನಿಸಿದೆ. ಗರ್ಭಿಣಿಯರು, ಬಾಣಂತಿಯರು, ಹಾಲೂಡುವವರು ಎಂಬ ಮೂರು ಅವಸ್ಥೆಗಳನ್ನು ಬೇರ್ಪಡಿಸಿ ಆತನು ೩೧೦ ಪ್ರಸಂಗಗಳನ್ನು ಪರಿಶೀಲಿಸಿದನು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಹೆರಿಗೆಯಾದ ಕೆಲವು ವಾರಗಳಲ್ಲಿಯೇ ತಲೆದೋರಿದ್ದುವು. ಆಗ ಆತನಿಗೆ ಮೂವತ್ತು ವರ್ಷ. ೧೮೬೪ರಲ್ಲಿ ಅಕಾಲದಲ್ಲಿ ತೀರಿಕೊಂಡನು. ೧೯೮೦ರಲ್ಲಿ ಮ್ಯಾಂಚೆಸ್ಟರಿನಲ್ಲಿ ಈ ವಿಷಯದ ವಿದ್ವಾಂಸರು ಸೇರಿ ಒಂದು ಅಂತರರಾಷ್ಟ್ರೀಯ ಸಂಘವನ್ನು ಸ್ಥಾಪಿಸಿದಾಗ ಅದಕ್ಕೆ ಮಾರ್ಸೆಯ ಹೆಸರನ್ನೇ ಇಟ್ಟರು.

ಇಷ್ಟು ಸೂಕ್ಷ್ಮವಾಗಿ ತಾಯಂದಿರನ್ನು ನೋಡಿದ ಈ ವೈದ್ಯರು ಆ ತಾಯಂದಿರ ಮಕ್ಕಳು ಏನಾದರೆಂಬುದನ್ನು ಮಾತ್ರ ಶಾಸ್ತ್ರದ ಪ್ರಶ್ನೆಯನ್ನಾಗಿ ಮಾಡಲಿಲ್ಲ. ತಾಯಿ ಹುಚ್ಚಾಸ್ಪತ್ರೆಗೆ ಹೋದರೆ ಕೂಸು ದಾದಿಯ ಕೈಗೋ, ನೆಂಟರ ಮನೆಗೋ, ಅನಾಥಾಲಯಕ್ಕೋ ಹೋಗುವುದು ಸಹಜವೆಂದೇ ಎಣಿಸಲಾಗಿತ್ತು. ಕೂಸು ಈ ಕಥೆಯಲ್ಲಿ ಕಾಣಿಸಿಕೊಳ್ಳುವುದು ಅಪಾಯಕ್ಕೆ ಗುರಿಯಾಗಬಹುದಾದ ಜೀವವಾಗಿ ಮಾತ್ರ. ಬ್ರಿಟನ್ನಿನ ಪಾರ್ಲಿಮೆಂಟು ೧೯೨೨ರಲ್ಲಿ ಶಿಶುಹತ್ಯೆಯ ಶಾಸನವನ್ನು ಅಂಗೀಕರಿಸಿತು. ಹೆರಿಗೆಯ ಪರಿಣಾಮದಿಂದ ಚೇತರಿಸಿಕೊಳ್ಳದೆ ಮನಸ್ಸಿನ ಸಮತೋಲವನ್ನು ಕಳೆದುಕೊಂಡ ತಾಯಿಯು ನವಜಾತ ಶಿಶುವನ್ನು ಕೊಂದರೆ ಅದನ್ನು ಕೊಲೆಯೆಂದು ಎಣಿಸದೆ ಕಡಿಮೆ ತರಗತಿಯ ಅಪರಾಧವೆಂದು ಎಣಿಸಬೇಕೆಂಬುದು ಅದರ ಆಶಯ. ೧೯೩೮ರ ಶಾಸನ ಈ ಅವಧಿಯನ್ನು ಹನ್ನೆರಡು ತಿಂಗಳಿಗೆ ವಿಸ್ತರಿಸಿತು. ಭಾರತದ ೧೮೬೦ರ ದಂಡಸಂಹಿತೆಯಲ್ಲಾಗಲಿ, ೨೦೨೪ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಾಗಲಿ ಇಂಥ ಪ್ರತ್ಯೇಕ ವಿಧಿಯಿಲ್ಲ; ಬುದ್ಧಿಭ್ರಮಣೆಗೆ ಸಂಬಂಧಿಸಿದ ಸಾಮಾನ್ಯ ವಿನಾಯಿತಿಯನ್ನೇ ಆಶ್ರಯಿಸಬೇಕಾಗುತ್ತದೆ.

ಮುಂದೆ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಮನೋರೋಗಗಳ ಹೊಸ ವರ್ಗೀಕರಣ ಬಂದಾಗ, ಬಾಣಂತಿಯ ಉನ್ಮಾದವು ಪ್ರತ್ಯೇಕ ರೋಗವೇ ಅಲ್ಲ, ಇತರ ಉನ್ಮಾದಗಳು ಆ ಕಾಲದಲ್ಲಿ ಬಂದವಷ್ಟೆ ಎಂಬ ವಾದ ಬಲವಾಯಿತು. ಶಾಸ್ತ್ರದೃಷ್ಟಿಯಿಂದ ಆ ವಾದದಲ್ಲಿ ಸತ್ತ್ವವಿದ್ದಿರಬಹುದು. ಆದರೆ ಹೆಸರು ಅಳಿಸಿದೊಡನೆ ಗಮನವೂ ಅಳಿಯಿತು. ಮಾರ್ಸೆಯ ಗ್ರಂಥ ಹಲವು ದಶಕಗಳ ಕಾಲ ಬಹುಮಟ್ಟಿಗೆ ಮರೆತುಹೋಯಿತು.

೪

ಇತ್ತ ಕೂಸಿನ ಪುಸ್ತಕವು ಬೇರೆಯೇ ಸ್ಥಳದಲ್ಲಿ ತೆರೆಯಿತು. ಯೂರೋಪು ಅಮೆರಿಕಗಳ ಅನಾಥಾಲಯಗಳಲ್ಲಿ ಹಾಲು, ಬಟ್ಟೆ, ಶುಚಿತ್ವ ಎಲ್ಲವೂ ಇದ್ದು ಮಕ್ಕಳು ಸೊರಗಿ ಸಾಯುತ್ತಿದ್ದುದು ವೈದ್ಯರನ್ನು ಬಹುಕಾಲ ಕಾಡಿತ್ತು. ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲೆಸಿದ ರೆನೆ ಸ್ಪಿಟ್ಸ್ ೧೯೪೫ರಲ್ಲಿ ಪ್ರಕಟಿಸಿದ ಅಧ್ಯಯನವು ಎರಡು ಸಂಸ್ಥೆಗಳನ್ನು ಹೋಲಿಸಿ ನೋಡಿತು. ಒಂದು, ಹೆಂಗಸರ ಸೆರೆಮನೆಗೆ ಸೇರಿದ ಶಿಶುಗೃಹ. ಅಲ್ಲಿ ಕೈದಿಗಳಾದ ತಾಯಂದಿರೇ ತಮ್ಮ ಕೂಸುಗಳನ್ನು ನೋಡಿಕೊಳ್ಳುತ್ತಿದ್ದರು. ಇನ್ನೊಂದು, ಶುಚಿಯಾದ ಅನಾಥಾಲಯ. ಅಲ್ಲಿ ಒಬ್ಬ ದಾದಿಗೆ ಹಲವು ಕೂಸುಗಳು. ಸೆರೆಮನೆಯ ಮಕ್ಕಳು ಬೆಳೆದರು. ಅನಾಥಾಲಯದ ೯೧ ಮಕ್ಕಳಲ್ಲಿ ೩೪ ಮಂದಿ ಎರಡು ವರ್ಷ ತುಂಬುವುದರೊಳಗೆ ತೀರಿಕೊಂಡರು. ಉಳಿದವರಲ್ಲಿ ಅನೇಕರು ಮಾತಿನಲ್ಲಿ, ನಡಿಗೆಯಲ್ಲಿ ಹಿಂದುಳಿದರು. ಸ್ಪಿಟ್ಸ್‌ನ ವಿಧಾನದಲ್ಲಿ ಲೋಪಗಳಿದ್ದುವೆಂದು ಮುಂದಿನ ವಿಮರ್ಶಕರು ತೋರಿಸಿದ್ದಾರೆ. ಆ ಆಕ್ಷೇಪಗಳು ನಿರಾಧಾರವಲ್ಲ. ಆದರೂ ಅಪರಾಧಿನಿಯೆಂದು ಸಮಾಜ ದೂರವಿಟ್ಟ ತಾಯಿಯ ಮಡಿಲು ಶುಚಿಯಾದ ತೊಟ್ಟಿಲಿಗಿಂತ ಮೇಲೆಂಬ ಆ ಚಿತ್ರ ಯಾರ ಮನಸ್ಸಿನಿಂದಲೂ ಮಾಸಲಿಲ್ಲ.

ಎರಡನೆಯ ಮಹಾಯುದ್ಧದ ಅನಂತರ ಮನೆಮಠಗಳನ್ನು ಕಳೆದುಕೊಂಡ ಮಕ್ಕಳ ಸ್ಥಿತಿಯನ್ನು ಕುರಿತು ವಿಶ್ವ ಆರೋಗ್ಯ ಸಂಸ್ಥೆಯು ಲಂಡನ್ನಿನ ಜಾನ್ ಬೌಲ್ಬಿಯಿಂದ ವರದಿಯನ್ನು ಬಯಸಿತು. ೧೯೫೧ರಲ್ಲಿ ಹೊರಬಂದ ಆ ವರದಿಯು, ಶೈಶವದಲ್ಲಿ ತಾಯಿಯೊಡನೆ ಅಥವಾ ತಾಯಿಯ ಸ್ಥಾನದಲ್ಲಿರುವ ಒಬ್ಬರೊಡನೆ ಆಪ್ತವೂ ಅವಿಚ್ಛಿನ್ನವೂ ಆದ ಸಂಬಂಧವು ಮಗುವಿನ ಮಾನಸಿಕ ಆರೋಗ್ಯಕ್ಕೆ ಅವಶ್ಯಕವೆಂದು ಸಾರಿತು. ಮರುವರ್ಷ ಜೇಮ್ಸ್ ರಾಬರ್ಟ್‌ಸನ್ ಎಂಬಾತನು ಆಸ್ಪತ್ರೆಗೆ ಸೇರಿದ ಎರಡು ವರ್ಷದ ಹುಡುಗಿಯೊಬ್ಬಳ ದುಃಖವನ್ನು ಚಲನಚಿತ್ರವಾಗಿ ತೋರಿಸಿದನು. ತಂದೆತಾಯಿಗಳು ಮಗುವನ್ನು ನೋಡಲು ಬರುವ ಹೊತ್ತನ್ನು ಬಿಗಿಯಾಗಿ ಕಟ್ಟಿಹಾಕಿದ್ದ ಆಸ್ಪತ್ರೆಗಳು ಕ್ರಮೇಣ ತಮ್ಮ ನಿಯಮಗಳನ್ನು ಸಡಿಲಿಸಿದುವು.

ಈ ಎಲ್ಲ ಸಂಶೋಧನೆಗಳು ಅಮೂಲ್ಯವಾದವು, ಅದರಲ್ಲಿ ಸಂಶಯವಿಲ್ಲ. ಆದರೆ ಇವುಗಳಲ್ಲಿ ತಾಯಿಯ ಸ್ಥಾನವೇನೆಂಬುದನ್ನು ವಿವೇಚಿಸಬೇಕು. ಅವಳು ಇದ್ದಾಳೆಯೇ, ಇಲ್ಲವೇ ಎಂಬುದಷ್ಟೇ ಇಲ್ಲಿಯ ಪ್ರಶ್ನೆ. ಮನೆಯಲ್ಲಿಯೇ ಇದ್ದು, ಹಾಲೂಡಿ, ಬಟ್ಟೆ ಬದಲಿಸಿ, ಆದರೂ ಮನಸ್ಸು ಬೇರೆಲ್ಲಿಯೋ ಮುಳುಗಿಹೋದ ತಾಯಿಯ ವಿಚಾರ ಹಿನ್ನೆಲೆಯಲ್ಲಿಯೇ ಉಳಿಯಿತು. ಮೇಲಾಗಿ, ಬೌಲ್ಬಿಯ ಮಾತುಗಳನ್ನು ಅತಿಯಾಗಿ ಹಿಗ್ಗಿಸಿದವರು ಮಗುವಿನ ಎಲ್ಲ ದೋಷಗಳಿಗೂ ತಾಯಿಯೇ ಹೊಣೆಯೆಂಬ ಹೊಸ ಹೊರೆಯೊಂದನ್ನು ಹೆಣ್ಣಿನ ತಲೆಯ ಮೇಲೆ ಹೊರಿಸಿದರು. ೧೯೭೨ರಲ್ಲಿ ಮೈಕೆಲ್ ರಟರ್ ಈ ವಾದಗಳನ್ನು ಮರುಪರಿಶೀಲಿಸಿ, ತಾಯಿಯಿಂದ ಅಗಲಿಕೆ ಎಂಬ ಒಂದೇ ಮಾತಿನಲ್ಲಿ ಬೇರೆ ಬೇರೆ ಅನುಭವಗಳು ಬೆರೆತುಹೋಗಿವೆಯೆಂದೂ, ಮಗುವಿನ ಬಾಂಧವ್ಯ ತಾಯಿಯೊಬ್ಬಳಿಗೇ ಸೀಮಿತವಲ್ಲವೆಂದೂ ತೋರಿಸಿದ್ದು ನ್ಯಾಯವಾದ ತಿದ್ದುಪಡಿ.

೫

ಎರಡು ಪುಸ್ತಕಗಳು ಮೊದಲ ಬಾರಿಗೆ ಒಂದೇ ಮೇಜಿನ ಮೇಲೆ ಬಂದುದು ಗ್ರಂಥಾಲಯದಲ್ಲಲ್ಲ, ಆಸ್ಪತ್ರೆಯಲ್ಲಿ. ಲಂಡನ್ನಿನ ಸಮೀಪದ ಕ್ಯಾಸಲ್ ಆಸ್ಪತ್ರೆಯಲ್ಲಿ ಟಿ. ಎಫ್. ಮೇನ್ ೧೯೪೮ರಲ್ಲಿ ಮನೋವ್ಯಾಧಿಗೊಳಗಾದ ತಾಯಿಯೊಬ್ಬಳನ್ನು ಆಕೆಯ ಎಳೆಯ ಮಗುವಿನೊಡನೆಯೇ ಸೇರಿಸಿಕೊಂಡನು. ಹತ್ತು ವರ್ಷದ ಅನುಭವವನ್ನು ೧೯೫೮ರಲ್ಲಿ ಬರೆದು ಪ್ರಕಟಿಸುವ ಹೊತ್ತಿಗೆ ಅದು ಆ ಆಸ್ಪತ್ರೆಯ ಪದ್ಧತಿಯೇ ಆಗಿತ್ತು. ಐವತ್ತು ಅರವತ್ತರ ದಶಕಗಳಲ್ಲಿ ಬ್ರಿಟನ್ನಿನ ಇತರ ಕೆಲವು ಆಸ್ಪತ್ರೆಗಳು ಉನ್ಮಾದದಂಥ ತೀವ್ರ ರೋಗಿಗಳನ್ನೂ ಕೂಸಿನೊಡನೆ ಇರಿಸಿಕೊಂಡುವು. ಮೊದಲಿನ ಭಯ ಸಹಜವಾದುದೇ: ತಾಯಿ ಕೂಸಿಗೆ ಏನಾದರೂ ಮಾಡಿಬಿಟ್ಟರೆ? ಆದರೆ ನುರಿತ ದಾದಿಯರ ಕಾವಲಿನಲ್ಲಿ ಕೂಸನ್ನು ಮೀಯಿಸಿ, ಉಣಿಸಿ, ಎತ್ತಿಕೊಂಡು, ತನ್ನ ಕೈಲಾಗುತ್ತದೆಂಬ ನಂಬಿಕೆಯನ್ನು ತಾಯಿ ಮರಳಿ ಪಡೆಯಬಲ್ಲಳೆಂಬುದು ಈ ಪ್ರಯೋಗಗಳಿಂದ ಸ್ಪಷ್ಟವಾಯಿತು. ವಾಸಿಯಾಗಿ ಮನೆಗೆ ಹೋದ ಮೇಲೆ ಅಪರಿಚಿತ ಕೂಸೊಂದನ್ನು ಎದುರಿಸಬೇಕಾದ ಸಂಕಟವೂ ತಪ್ಪಿತು.

ನಮ್ಮ ದೇಶದಲ್ಲಿ ಇದಕ್ಕೆ ಪೂರಕವಾದ ಬೇರೊಂದು ಪರಂಪರೆ ಹುಟ್ಟಿಕೊಂಡುದನ್ನು ಇಲ್ಲಿ ನೆನೆಯಬೇಕು. ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರರು ಐವತ್ತರ ದಶಕದಲ್ಲಿ ರೋಗಿಗಳ ಬಂಧುಗಳನ್ನು ಆವರಣದಲ್ಲಿ ಗುಡಾರ ಹಾಕಿಸಿ ಇರಿಸಿ, ಚಿಕಿತ್ಸೆಯಲ್ಲಿ ಅವರನ್ನು ಪಾಲುಗೊಳಿಸಿದರು. ವೆಲ್ಲೂರಿನ ಮಾನಸಿಕ ಆರೋಗ್ಯ ಕೇಂದ್ರವೂ ಕುಟುಂಬದವರು ರೋಗಿಯೊಡನೆ ಇರುವುದನ್ನು ಆದಿಯಿಂದಲೇ ರೂಢಿಗೆ ತಂದಿತು. ರೋಗಿಯನ್ನು ಮನೆಯವರಿಂದ ಬೇರ್ಪಡಿಸುವುದೇ ಚಿಕಿತ್ಸೆಯೆಂಬ ಹಳೆಯ ಭಾವನೆ ಇಲ್ಲಿ ಮುರಿಯಿತು. ಆದರೆ ಮಡಿಲ ಕೂಸನ್ನು ಕುರಿತ ವಿಶೇಷ ವ್ಯವಸ್ಥೆಗೆ ಇನ್ನೂ ಅರ್ಧ ಶತಮಾನ ಕಾಯಬೇಕಾಯಿತು.

ಈ ನಡುವೆ, ಹೆಸರಿಲ್ಲದೆ ಉಳಿದಿದ್ದ ಆ ಮೌನದ ಖಿನ್ನತೆಯು ಲೆಕ್ಕಕ್ಕೆ ಸಿಕ್ಕಿತು. ೧೯೬೮ರಲ್ಲಿ ಬ್ರೈಸ್ ಪಿಟ್ ಲಂಡನ್ನಿನ ೩೦೫ ಹೆಂಗಸರನ್ನು ಪರಿಶೀಲಿಸಿ, ಶೇಕಡ ೧೦.೮ರಷ್ಟು ಮಂದಿ ಹೆರಿಗೆಯ ಅನಂತರ ಖಿನ್ನತೆಗೆ ಒಳಗಾದುದನ್ನು ತೋರಿಸಿದನು. ಇವರಲ್ಲಿ ಹೆಚ್ಚಿನವರು ಯಾವ ಮನೋವೈದ್ಯನ ಬಳಿಗೂ ಹೋದವರಲ್ಲ. ೧೯೮೭ರಲ್ಲಿ ಜಾನ್ ಕಾಕ್ಸ್ ಮತ್ತು ಸಹೋದ್ಯೋಗಿಗಳು ಹತ್ತು ಸರಳ ಪ್ರಶ್ನೆಗಳ ಎಡಿನ್‌ಬರೋ ಪ್ರಶ್ನಾವಳಿಯನ್ನು ಹೊರತಂದರು. ಕಾಕ್ಸ್ ಅದಕ್ಕೂ ಮೊದಲು ಉಗಾಂಡದಲ್ಲಿ ಬಾಣಂತಿಯರ ಮನೋವ್ಯಥೆಯನ್ನು ಅಭ್ಯಾಸ ಮಾಡಿದ್ದನು. ಬಾಣಂತಿಯ ಚಿತ್ತವಿಕಾರಕ್ಕೆ ಅಲ್ಲಿಯ ಜನರಲ್ಲಿ 'ಅಮಾಕಿರೊ' ಎಂಬ ಹೆಸರೇ ಇತ್ತು. ಸನ್ನಿಯೆಂಬ ಮಾತು ನಮ್ಮ ಒಬ್ಬರ ಸ್ವತ್ತಲ್ಲವೆಂಬುದಕ್ಕೆ ಇದೊಂದು ನಿದರ್ಶನ.

೬

ತಾಯಿಯ ಖಿನ್ನತೆ ಕೂಸನ್ನು ತಲಪುವುದು ಯಾವ ದಾರಿಯಿಂದ ಎಂಬ ಪ್ರಶ್ನೆಗೆ ಉತ್ತರ ಸೂಚಿಸಿದ ಪ್ರಯೋಗ ಬಹು ಸರಳವಾದುದು. ಅಮೆರಿಕದ ಎಡ್ವರ್ಡ್ ಟ್ರಾನಿಕ್ ಮತ್ತು ಸಂಗಡಿಗರು ೧೯೭೮ರಲ್ಲಿ ಪ್ರಕಟಿಸಿದ ಈ ಪ್ರಯೋಗದಲ್ಲಿ ತಾಯಿ ಮೊದಲು ಕೂಸಿನೊಡನೆ ಎಂದಿನಂತೆ ನಕ್ಕು ಆಡುತ್ತಾಳೆ. ಆಮೇಲೆ ಕೆಲವು ನಿಮಿಷ, ಕೂಸಿನ ಕಡೆಗೆ ನೋಡುತ್ತಲೇ, ಮುಖದಲ್ಲಿ ಯಾವ ಭಾವವನ್ನೂ ತೋರದೆ ನಿಶ್ಚಲಳಾಗಿರುತ್ತಾಳೆ. ಕೂಸು ಮೊದಲು ನಗುತ್ತದೆ. ಪ್ರತಿಯಾಗಿ ಏನೂ ಬರದಿರಲು ಕೈಚಾಚುತ್ತದೆ, ದನಿಮಾಡುತ್ತದೆ, ತಾಯಿಯನ್ನು ಮತ್ತೆ ಆಟಕ್ಕೆ ಕರೆಯಲು ತನಗೆ ತಿಳಿದ ಉಪಾಯಗಳನ್ನೆಲ್ಲ ಹೂಡುತ್ತದೆ. ಕೊನೆಗೆ ಮುಖ ತಿರುಗಿಸಿ ತನ್ನೊಳಗೆ ತಾನು ಮುದುಡಿಕೊಳ್ಳುತ್ತದೆ. ಮಾತು ಬಾರದ ಕೂಸು ಸುಮ್ಮನೆ ಪಡೆಯುವ ಜೀವವಲ್ಲ, ಪ್ರಶ್ನೆ ಕೇಳಿ ಉತ್ತರವನ್ನು ನಿರೀಕ್ಷಿಸುವ ಜೀವವೆಂಬುದು ಇದರಿಂದ ಸಿದ್ಧವಾಯಿತು.

ಈ ಪ್ರಯೋಗದಲ್ಲಿ ಮುಖ ನಿಶ್ಚಲವಾದುದು ಕೆಲವು ನಿಮಿಷ. ಖಿನ್ನತೆಯ ಮನೆಯಲ್ಲಿ ಅದು ತಿಂಗಳುಗಟ್ಟಲೆ ನಡೆಯಬಹುದು. ಟಿಫನಿ ಫೀಲ್ಡ್ ಮತ್ತು ಸಂಗಡಿಗರು ೧೯೮೮ರಲ್ಲಿ ತೋರಿಸಿದಂತೆ, ಖಿನ್ನಳಾದ ತಾಯಿಯ ಕೂಸು ಖಿನ್ನತೆಯಿಲ್ಲದ ಅಪರಿಚಿತರ ಮುಂದೆಯೂ ಮಂಕಾಗಿಯೇ ವರ್ತಿಸುತ್ತದೆ; ಒಬ್ಬರ ಮುಖದಿಂದ ಕಲಿತ ಪಾಠವನ್ನು ಇನ್ನೊಬ್ಬರ ಮುಖಕ್ಕೂ ಅನ್ವಯಿಸುತ್ತದೆ. ಇಂಗ್ಲೆಂಡಿನ ಕೇಂಬ್ರಿಜಿನಲ್ಲಿ ಲಿನ್ ಮರೇ ಇಂಥ ಮಕ್ಕಳನ್ನು ವರ್ಷಗಳ ಕಾಲ ಹಿಂಬಾಲಿಸಿ ಅಧ್ಯಯನ ಮಾಡಿದಳು. ಹದಿನೆಂಟನೆಯ ತಿಂಗಳಲ್ಲಿ ಅವರ ವಾತ್ಸಲ್ಯಬಂಧವು ಇತರ ಮಕ್ಕಳದಕ್ಕಿಂತ ಹೆಚ್ಚು ವೇಳೆ ಅಭದ್ರವಾಗಿದ್ದಿತು. ಆದರೆ ಐದನೆಯ ವಯಸ್ಸಿನಲ್ಲಿ ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಒಟ್ಟಾರೆ ಹಿನ್ನಡೆ ಕಂಡುಬರಲಿಲ್ಲ.

ಈ ಕೊನೆಯ ಮಾತನ್ನು ಒತ್ತಿ ಹೇಳಬೇಕಾಗಿದೆ. ತಾಯಿಯ ಖಿನ್ನತೆಯಿಂದ ಮಗುವಿನ ಹಣೆಬರಹ ನಿಶ್ಚಯವಾಗಿಬಿಡುತ್ತದೆಂಬುದು ಈ ಸಂಶೋಧನೆಗಳ ತಾತ್ಪರ್ಯವಲ್ಲ. ಆರೋಗ್ಯವಂತ ತಾಯಿ ಮತ್ತು ಕೂಸುಗಳೂ ಆಟದ ವೇಳೆಯಲ್ಲಿ ಪರಸ್ಪರ ಹೊಂದಿಕೊಂಡಿರುವುದು ಸುಮಾರು ಮೂರರಲ್ಲಿ ಒಂದು ಪಾಲು ಸಮಯ ಮಾತ್ರವೆಂದು ಟ್ರಾನಿಕ್ ಮುಂದೆ ಕಂಡುಕೊಂಡನು. ಉಳಿದುದೆಲ್ಲ ತಪ್ಪುವುದು, ತಿದ್ದಿಕೊಳ್ಳುವುದು, ಮತ್ತೆ ಕೂಡುವುದು. ಕೂಸಿಗೆ ಬೇಕಾದುದು ತಪ್ಪದ ತಾಯಿಯಲ್ಲ; ತಪ್ಪಿದ ಮೇಲೆ ಮತ್ತೆ ತಿರುಗಿ ನೋಡುವ ಮುಖ. ಖಿನ್ನತೆಯು ಕಿತ್ತುಕೊಳ್ಳುವುದು ಈ ತಿದ್ದಿಕೊಳ್ಳುವ ಶಕ್ತಿಯನ್ನು. ಆದುದರಿಂದಲೇ ತಕ್ಕ ಕಾಲದಲ್ಲಿ ನೆರವು ದೊರೆತರೆ ಹಾನಿಯನ್ನು ಬಹುಮಟ್ಟಿಗೆ ತಡೆಯಲು ಸಾಧ್ಯ.

ತಂದೆಯೂ ಈ ಲೆಕ್ಕದಿಂದ ಹೊರಗುಳಿದವನಲ್ಲ. ೨೦೦೫ರಲ್ಲಿ ಪಾಲ್ ರಾಮಚಂದಾನಿ ಮತ್ತು ಸಹೋದ್ಯೋಗಿಗಳು ಬ್ರಿಸ್ಟಲ್ ಪ್ರದೇಶದ ಸಾವಿರಾರು ಕುಟುಂಬಗಳ ಅಧ್ಯಯನದಿಂದ, ಕೂಸು ಎಂಟು ವಾರದ್ದಾಗಿದ್ದಾಗ ತಂದೆ ಖಿನ್ನನಾಗಿದ್ದರೆ ಮೂರೂವರೆ ವರ್ಷದ ಹೊತ್ತಿಗೆ ಮಗುವಿನಲ್ಲಿ, ವಿಶೇಷವಾಗಿ ಗಂಡುಮಕ್ಕಳಲ್ಲಿ, ವರ್ತನೆಯ ತೊಡಕುಗಳು ಹೆಚ್ಚೆಂದು ತೋರಿಸಿದರು. ತಾಯಿಯ ಖಿನ್ನತೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ಸಂಬಂಧ ಉಳಿದುಕೊಂಡಿತು.

೭

ಇದೆಲ್ಲ ಪಶ್ಚಿಮದ ಮಾತಾಯಿತು. ನಮ್ಮಲ್ಲಿ ಬಾಣಂತನವೆಂಬ ವ್ಯವಸ್ಥೆಯಿದೆ; ತವರಿನ ಆಶ್ರಯ, ಎಣ್ಣೆನೀರು, ಪಥ್ಯ, ತಿಂಗಳುಗಟ್ಟಲೆ ವಿಶ್ರಾಂತಿ ಇವುಗಳಿರುವಲ್ಲಿ ಖಿನ್ನತೆಗೆ ಎಡೆಯೆಲ್ಲಿ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಇಂಥ ಆಚಾರಗಳು ಬಾಣಂತಿಯನ್ನು ಖಿನ್ನತೆಯಿಂದ ಕಾಪಾಡುತ್ತವೆಂದು ೧೯೮೩ರಲ್ಲಿ ಸ್ಟರ್ನ್ ಮತ್ತು ಕ್ರುಕ್‌ಮನ್ ಎಂಬ ವಿದ್ವಾಂಸರೂ ವಾದಿಸಿದ್ದರು. ಆ ವಾದವನ್ನು ಪರೀಕ್ಷಿಸಲು ಈಚಿನ ಎರಡು ಭಾರತೀಯ ಅಧ್ಯಯನಗಳು ನೆರವಾಗುತ್ತವೆ.

ಗೋವೆಯಲ್ಲಿ ವಿಕ್ರಮ ಪಟೇಲ್ ಮತ್ತು ಸಹೋದ್ಯೋಗಿಗಳು ೨೭೦ ತಾಯಂದಿರನ್ನು ಗರ್ಭಿಣಿಯರಾಗಿದ್ದಾಗಿನಿಂದ ಹಿಂಬಾಲಿಸಿ ೨೦೦೨ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹೆರಿಗೆಯಾದ ಆರರಿಂದ ಎಂಟು ವಾರಗಳಲ್ಲಿ ಶೇಕಡ ೨೩ರಷ್ಟು ಮಂದಿ ಖಿನ್ನತೆಗೆ ಒಳಗಾಗಿದ್ದರು. ಬಡತನ, ಗಂಡನ ಹಿಂಸೆ, ಹೆಣ್ಣುಮಗು ಹುಟ್ಟಿದುದರ ಬಗೆಗಿನ ಅಸಮಾಧಾನ ಇವು ಆ ಅಧ್ಯಯನದಲ್ಲಿ ಕಂಡುಬಂದ ಕಾರಣಗಳು. ಅದೇ ವರ್ಷ ಪ್ರಕಟವಾದ ತಮಿಳುನಾಡಿನ ಗ್ರಾಮಾಂತರದ ಅಧ್ಯಯನದಲ್ಲಿ ಹೊಸದಾಗಿ ಖಿನ್ನತೆಗೆ ಒಳಗಾದ ಬಾಣಂತಿಯರು ಶೇಕಡ ೧೧. ಅಲ್ಲಿಯೂ ಕಡಿಮೆ ವರಮಾನ, ಗಂಡುಮಗುವನ್ನು ಬಯಸಿದ್ದಾಗ ಹೆಣ್ಣು ಹುಟ್ಟಿದುದು, ಅತ್ತೆಯೊಡನೆಯೂ ತಂದೆತಾಯಿಗಳೊಡನೆಯೂ ಹೊಂದಿಕೆಯಿಲ್ಲದಿರುವುದು, ಮೈಕೈ ನೆರವಿಗೆ ಯಾರೂ ಇಲ್ಲದಿರುವುದು ಇವೇ ಕಾರಣಗಳ ಸಾಲಿನಲ್ಲಿವೆ. ದೇಶದ ೩೮ ಅಧ್ಯಯನಗಳನ್ನು ಒಟ್ಟುಗೂಡಿಸಿದ ೨೦೧೭ರ ಸಮೀಕ್ಷೆಯೊಂದು ಸರಾಸರಿಯನ್ನು ಶೇಕಡ ೨೨ ಎಂದು ಅಂದಾಜು ಮಾಡಿದೆ.

ಇದರಿಂದ ಬಾಣಂತನದ ಆಚಾರ ನಿಷ್ಪ್ರಯೋಜಕವೆಂದು ತೀರ್ಮಾನಿಸಬೇಕಾಗಿಲ್ಲ. ನೆರವು ಇಲ್ಲದಿರುವುದೇ ಒಂದು ಕಾರಣವಾಗಿರುವಾಗ ನೆರವಿನ ಬೆಲೆ ತಾನಾಗಿಯೇ ಸಿದ್ಧವಾಗುತ್ತದೆ. ಆದರೆ ಆಚಾರದ ರಕ್ಷೆಯು ಅದನ್ನು ನಡೆಸುವವರ ಮನಸ್ಸನ್ನು ಅವಲಂಬಿಸಿದೆ. ಹೆಣ್ಣು ಹುಟ್ಟಿತೆಂದು ಮುಖ ಸಿಂಡರಿಸುವವರ ನಡುವೆ ಎಣ್ಣೆನೀರು ಎಷ್ಟು ಬಾರಿ ಆದರೇನು? ಸುಶ್ರುತನು ಹೇಳಿದ ಸೌಮನಸ್ಯವು ಪಥ್ಯದ ಪಟ್ಟಿಯಲ್ಲಿ ಸೇರಿರಲಿಲ್ಲ. ಹೊಟ್ಟೆಪಾಡಿಗಾಗಿ ದೂರದ ನಗರಗಳಲ್ಲಿ ನೆಲಸಿದ ಕನ್ನಡ ಕುಟುಂಬಗಳಿಗೆ ಈ ಮಾತು ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ತವರಿಗೆ ಹೋಗಲಾಗದೆ, ತವರಿನವರನ್ನು ಕರೆಸಿಕೊಳ್ಳಲೂ ಆಗದೆ ಒಂದು ಕೋಣೆಯ ಬಿಡಾರದಲ್ಲಿ ಬಾಣಂತನ ಕಳೆಯುವವಳಿಗೆ ಆಚಾರವೂ ಇಲ್ಲ, ಅದರ ಸ್ಥಾನದಲ್ಲಿ ಬೇರೊಂದು ಆಸರೆಯೂ ಇಲ್ಲ.

ಗೋವೆಯ ಅಧ್ಯಯನದ ಮುಂದಿನ ಭಾಗವು ೨೦೦೩ರಲ್ಲಿ ಹೊರಬಂದಿತು. ಖಿನ್ನರಾಗಿದ್ದ ತಾಯಂದಿರ ಕೂಸುಗಳು ಆರನೆಯ ತಿಂಗಳಲ್ಲಿ ತೂಕದಲ್ಲಿಯೂ ಉದ್ದದಲ್ಲಿಯೂ ಹಿಂದುಳಿದಿದ್ದುವು. ಮಾನಸಿಕ ವಿಕಾಸದ ಅಳತೆಯಲ್ಲಿಯೂ ಹಿನ್ನಡೆ ಕಂಡಿತು. ಉಳ್ಳವರ ದೇಶಗಳಲ್ಲಿ ಕೂಸಿನ ಮನಸ್ಸನ್ನು ಮುಟ್ಟಿದ ಸಂಕಟವು ಬಡವರ ನಾಡಿನಲ್ಲಿ ಅದರ ಮೈಯನ್ನೂ ಮುಟ್ಟುತ್ತದೆ.

ಪರಿಹಾರವೇನೆಂಬ ಪ್ರಶ್ನೆಗೂ ಬಡದೇಶಗಳಿಂದಲೇ ಉತ್ತರ ಬಂದುದು ಸಮಾಧಾನದ ಸಂಗತಿ. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ಆತಿಫ್ ರಹಮಾನ್ ಮತ್ತು ಸಂಗಡಿಗರು ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿಯಿತ್ತು, ಖಿನ್ನರಾದ ತಾಯಂದಿರೊಡನೆ ಕ್ರಮಬದ್ಧವಾಗಿ ಮಾತನಾಡಿಸಿದರು. ೨೦೦೮ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಆರನೆಯ ತಿಂಗಳಲ್ಲಿ ಖಿನ್ನತೆ ಉಳಿದವರು ಈ ನೆರವು ಪಡೆದವರಲ್ಲಿ ಶೇಕಡ ೨೩, ಪಡೆಯದವರಲ್ಲಿ ಶೇಕಡ ೫೩. ಕೂಸುಗಳ ಬೆಳವಣಿಗೆಯ ಅಳತೆಯಲ್ಲಿ ಮಾತ್ರ ಗಣ್ಯವಾದ ವ್ಯತ್ಯಾಸ ಸಿಗಲಿಲ್ಲ. ಆದರೆ ಭೇದಿ ಕಡಿಮೆಯಾಯಿತು, ಲಸಿಕೆ ಹಾಕಿಸಿದವರು ಹೆಚ್ಚಿದರು, ತಂದೆತಾಯಿಗಳಿಬ್ಬರೂ ಮಗುವಿನೊಡನೆ ಆಡುವುದೂ ಹೆಚ್ಚಿತು. ದಕ್ಷಿಣ ಆಫ್ರಿಕದ ಖಯೆಲಿಟ್ಶ ಎಂಬ ಬಡಬಸ್ತ್ತಿಯಲ್ಲಿ ಇದಕ್ಕೆ ಇದಿರಾದ ದಾರಿಯನ್ನು ಹಿಡಿದರು. ಅಲ್ಲಿಯ ಹೆಂಗಸರೇ ಮನೆಗೆ ಬಂದು, ಕೂಸಿನ ಸನ್ನೆಗಳನ್ನು ಅರಿತು ಉತ್ತರಿಸುವ ಬಗೆಯನ್ನು ತಾಯಿಗೆ ತೋರಿಸಿಕೊಟ್ಟರು. ೨೦೦೯ರ ವರದಿಯಂತೆ, ಹದಿನೆಂಟನೆಯ ತಿಂಗಳಲ್ಲಿ ಭದ್ರವಾದ ವಾತ್ಸಲ್ಯಬಂಧವಿದ್ದ ಮಕ್ಕಳು ನೆರವು ಪಡೆದವರಲ್ಲಿ ಶೇಕಡ ೭೪, ಪಡೆಯದವರಲ್ಲಿ ಶೇಕಡ ೬೩. ಎರಡು ಪ್ರಯೋಗಗಳನ್ನೂ ಒಟ್ಟಿಗಿಟ್ಟು ನೋಡಿದರೆ, ತಾಯಿಯ ವ್ಯಥೆಗೆ ಚಿಕಿತ್ಸೆಯಾದ ಮಾತ್ರಕ್ಕೆ ಕೂಸಿನ ಪ್ರಶ್ನೆಗಳೆಲ್ಲ ತಾವಾಗಿಯೇ ಬಗೆಹರಿಯುವುದಿಲ್ಲ, ಕೂಸಿನ ಹೆಸರಿನಲ್ಲಿ ತಾಯಿಗೆ ಉಪದೇಶ ಮಾಡಿದ ಮಾತ್ರಕ್ಕೆ ಅವಳ ವ್ಯಥೆಯೂ ನೀಗುವುದಿಲ್ಲ, ಎರಡನ್ನೂ ಒಟ್ಟಿಗೆ ಹಿಡಿಯಬೇಕು ಎಂಬುದು ಸ್ಪಷ್ಟವಾಗುತ್ತದೆ.

೮

ಈ ಚರಿತ್ರೆಯ ಕೊನೆಯ ಘಟ್ಟ ಬೆಂಗಳೂರಿಗೆ ಸೇರಿದುದು. ಅಲ್ಲಿಯ ಹಳೆಯ ಸರ್ಕಾರಿ ಮಾನಸಿಕ ಆಸ್ಪತ್ರೆ ಮತ್ತು ೧೯೫೪ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಇವೆರಡೂ ಕೂಡಿ ೧೯೭೪ರಲ್ಲಿ ನಿಮ್ಹಾನ್ಸ್ ಆಯಿತು. ಆ ಸಂಸ್ಥೆಯಲ್ಲಿ ೨೦೦೯ರಲ್ಲಿ ಡಾ. ಪ್ರಭಾ ಚಂದ್ರ ಅವರ ನೇತೃತ್ವದಲ್ಲಿ ತಾಯಿ-ಮಗುವಿನ ವಾರ್ಡು ತೆರೆಯಿತು. ಪಶ್ಚಿಮದ ವಾರ್ಡುಗಳಿಗೂ ಇದಕ್ಕೂ ಒಂದು ವ್ಯತ್ಯಾಸವುಂಟು. ಇಲ್ಲಿ ತಾಯಿ, ಕೂಸುಗಳೊಡನೆ ಮನೆಯ ಹೆಂಗಸೊಬ್ಬಳೂ, ತಾಯಿಯೋ ಅತ್ತೆಯೋ ಅಕ್ಕನೋ, ಇರುತ್ತಾಳೆ. ಮೇನ್‌ನ ಪ್ರಯೋಗವೂ ವಿದ್ಯಾಸಾಗರರ ಗುಡಾರಗಳೂ ಇಲ್ಲಿ ಒಂದು ಸೂರಿನ ಕೆಳಗೆ ಬಂದಂತಾಯಿತು. ಎಡಿನ್‌ಬರೋ ಪ್ರಶ್ನಾವಳಿಯೂ ಕನ್ನಡಕ್ಕೆ ಬಂದು, ಕರ್ನಾಟಕದ ಹಳ್ಳಿಗಾಡಿನ ಗರ್ಭಿಣಿಯರಲ್ಲಿ ಪರೀಕ್ಷಿತವಾಗಿ, ಅದರ ವಿವರ ೨೦೧೧ರಲ್ಲಿ ಪ್ರಕಟವಾಯಿತು. ಸನ್ನಿಗೆ ಮಾತ್ರ ಹೆಸರಿದ್ದ ಭಾಷೆಯಲ್ಲಿ, ಸದ್ದಿಲ್ಲದ ದುಃಖವನ್ನು ವಿಚಾರಿಸುವ ಹತ್ತು ಪ್ರಶ್ನೆಗಳು ದೊರೆತುವು.

ಶಾಸನವೂ ಹಿಂದುಳಿಯಲಿಲ್ಲ. ೧೯೧೨ರ ಹುಚ್ಚರ ಶಾಸನ, ೧೯೮೭ರ ಮಾನಸಿಕ ಆರೋಗ್ಯ ಶಾಸನ ಇವುಗಳ ಗಮನವೆಲ್ಲ ರೋಗಿಯನ್ನು ಒಳಸೇರಿಸುವುದು, ಇರಿಸಿಕೊಳ್ಳುವುದು, ಅವನ ಆಸ್ತಿಯನ್ನು ಕಾಯುವುದು ಇಂಥ ವಿಷಯಗಳ ಕಡೆಗೆ ಇದ್ದಿತು. ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಶಾಸನವು ೨೦೧೮ರಲ್ಲಿ ಜಾರಿಗೆ ಬಂದಿತು. ಅದರ ೨೧ನೆಯ ವಿಧಿಯ ಪ್ರಕಾರ, ಮಾನಸಿಕ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿರುವ ಹೆಂಗಸಿನಿಂದ ಮೂರು ವರ್ಷಕ್ಕಿಂತ ಚಿಕ್ಕದಾದ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಕೂಡದು. ಮಗುವಿಗೆ ಅಪಾಯವುಂಟೆಂದೋ ಅದರ ಹಿತಕ್ಕೆ ಅಗಲಿಕೆ ಅವಶ್ಯಕವೆಂದೋ ಮನೋವೈದ್ಯನಿಗೆ ತೋರಿದರೆ ಬೇರ್ಪಡಿಸಬಹುದು. ಆಗಲೂ ಮೇಲ್ವಿಚಾರಣೆಯಲ್ಲಿ ತಾಯಿಗೆ ಮಗುವಿನ ಭೇಟಿ ದೊರೆಯಬೇಕು, ಹದಿನೈದು ದಿನಗಳಿಗೊಮ್ಮೆ ಆ ನಿರ್ಧಾರದ ಪುನರ್ವಿಮರ್ಶೆಯಾಗಬೇಕು, ಮೂವತ್ತು ದಿನ ಮೀರಿದರೆ ಸಂಬಂಧಪಟ್ಟ ಪ್ರಾಧಿಕಾರದ ಒಪ್ಪಿಗೆ ಬೇಕು. ಅಗಲಿಸುವುದೇ ರೂಢಿಯಾಗಿದ್ದಲ್ಲಿ ಕೂಡಿರುವುದು ರೂಢಿಯಾಯಿತು; ಅಗಲಿಸುವವನೇ ಕಾರಣ ಹೇಳಬೇಕಾಯಿತು.

ಶಾಸನದಲ್ಲಿ ಬರೆದುದು ವಾರ್ಡಿನಲ್ಲಿ ನಡೆಯಬೇಕಾದರೆ ತೊಟ್ಟಿಲು ಹಾಕಲು ಜಾಗ ಬೇಕು, ತಿಳಿದ ದಾದಿಯರು ಬೇಕು. ನಿಮ್ಹಾನ್ಸಿನಂಥ ವಾರ್ಡುಗಳು ಇಷ್ಟು ದೊಡ್ಡ ದೇಶದಲ್ಲಿ ಬೆರಳೆಣಿಕೆಯಷ್ಟು. ಅದಕ್ಕಿಂತಲೂ ಮುಖ್ಯವಾಗಿ, ವಾರ್ಡಿಗೆ ಬರುವವರು ಸನ್ನಿ ಹಿಡಿದವರು. ಮೂಲೆಯಲ್ಲಿ ಮಂಕಾಗಿ ಕುಳಿತವಳಿಗೆ ವಾರ್ಡು ಬೇಕಾಗಿಲ್ಲ. ಹೇಗಿದ್ದೀಯೆ ಎಂದು ಕೇಳಿ ಉತ್ತರವನ್ನು ಕೇಳಿಸಿಕೊಳ್ಳುವ ಒಬ್ಬರು ಬೇಕು. ಹೆರಿಗೆಯ ಮನೆಗೆ ಬಂದವರು ಕೂಸನ್ನು ಎತ್ತಿ ನೋಡಿ, ಯಾರ ಹೋಲಿಕೆಯೆಂದು ಚರ್ಚಿಸಿ, ಕೈಗೆ ಹಣವಿಟ್ಟು ಹೊರಡುವುದು ನಮ್ಮ ಪದ್ಧತಿ. ಕೂಸಿನ ಮೊದಲ ನಗೆಗೆ ಉತ್ತರ ಕೊಡಬೇಕಾದವಳ ಮುಖವನ್ನು ಆ ಹೊತ್ತಿನಲ್ಲಿ ಒಮ್ಮೆ ನೋಡುವುದಕ್ಕೆ ಶಾಸನದ ಅಪ್ಪಣೆ ಬೇಕಾಗಿಲ್ಲ. ಎರಡು ಶತಮಾನಗಳ ವೈದ್ಯಚರಿತ್ರೆಯು ಕಷ್ಟಪಟ್ಟು ಕಲಿತ ಪಾಠವೂ ಇಷ್ಟೇ.